ಕಟ್ಟುತ್ತೀರೋ, ಹಾಗೇ ಬಿಡುತ್ತೀರೋ?

ದಾವಣಗೆರೆಯ ಕುಂದುವಾಡ ಕೆರೆಯ ಏರಿಯ ಮೇಲೆ ಬೆಳಿಗ್ಗೆ ನಡೆಯುವವರ ಮಾತು ಈಚೆಗೆ ಬದಲಾಗಿದೆ. ಮೊದಲೆಲ್ಲ ಮಕ್ಕಳ ಸೀಟು, ಮಂಡಿ ನೋವು, ಮೆಕ್ಕೆಜೋಳದ ದರ ಇಷ್ಟರಲ್ಲೇ ಒಂದು ಸುತ್ತು ಮುಗಿಯುತ್ತಿತ್ತು. ಈಗ ಅವುಗಳ ನಡುವೆ ಕಡಲು ಬಂದು ಸೇರಿಕೊಂಡಿದೆ. ಒಬ್ಬರು ಮಲ್ಪೆಯ ಹತ್ತಿರ ಹತ್ತು ಸೆಂಟ್ಸ್ ನೋಡಿ ಬಂದಿದ್ದಾರೆ. ಇನ್ನೊಬ್ಬರು ಕುಮಟಾದಲ್ಲಿ ಮುಂಗಡ ಕೊಟ್ಟಿದ್ದಾರೆ. ಮತ್ತೊಬ್ಬರ ಅಳಿಯ ಕಾರವಾರದಲ್ಲಿ ಹಳೆಯ ಹಂಚಿನ ಮನೆಯೊಂದನ್ನು ಮಾತನಾಡಿ ಇಟ್ಟಿದ್ದಾನೆ. ಹಣ ಎಲ್ಲಿಂದ ಎಂದರೆ, ಹದಡಿ ರಸ್ತೆಯ ಕಡೆಯೋ ಶಾಮನೂರಿನ ಆಚೆಯೋ ಹಿಂದೆ ಅಗ್ಗಕ್ಕೆ ಕೊಂಡಿಟ್ಟ ನಿವೇಶನವೊಂದು ಈಗ ಒಳ್ಳೆಯ ಬೆಲೆಗೆ ಹೋಗುತ್ತಿದೆ. ಅದನ್ನು ಕೊಟ್ಟು ಇದನ್ನು ತೆಗೆದುಕೊಳ್ಳುವುದು.

ಈ ಆಸೆ ನನಗೆ ಅರ್ಥವಾಗುತ್ತದೆ. ನಲ್ಲಿಯಲ್ಲಿ ನೀರು ಯಾವ ದಿನ ಬರುತ್ತದೆ ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು ಬೆಳೆದವರು ನಾವು. ನಮ್ಮ ನೀರು ಒಂದೋ ತುಂಗಭದ್ರೆಯಿಂದ ರಾಜನಹಳ್ಳಿಯಲ್ಲಿ ಮೇಲೆತ್ತಿಸಿಕೊಂಡು ಬರಬೇಕು, ಇಲ್ಲವೇ ಭದ್ರಾ ನಾಲೆಯಲ್ಲಿ ಹರಿದು ಬಂದು ಇದೇ ಕುಂದುವಾಡ ಕೆರೆಯನ್ನು ಸೇರಬೇಕು. ಕಣ್ಣು ತುಂಬುವಷ್ಟು ನೀರು ನೋಡಬೇಕೆಂದರೆ ಚನ್ನಗಿರಿ ಕಡೆಯ ಸೂಳೆಕೆರೆಯ ತನಕ ಹೋಗಬೇಕು. ಏಪ್ರಿಲ್ ತಿಂಗಳ ಮಧ್ಯಾಹ್ನ ಮೂರು ಗಂಟೆಗೆ ಪರೀಕ್ಷಾ ಕೊಠಡಿಯಿಂದ ಹೊರಗೆ ಬಂದು ಸ್ಕೂಟರಿನ ಸೀಟು ಮುಟ್ಟಿ ನೋಡಿದವರಿಗೆ, ಜೀವನದ ಕೊನೆಯ ಭಾಗವನ್ನಾದರೂ ತಣ್ಣನೆಯ ಗಾಳಿಯಲ್ಲಿ ಕಳೆಯೋಣ ಎನ್ನಿಸಿದರೆ ಅದರಲ್ಲಿ ತಪ್ಪೇನಿದೆ?

ನಮ್ಮ ಕಾಲೇಜಿನಲ್ಲಿ ನಿವೃತ್ತಿಗೆ ಹತ್ತಿರವಿರುವ ಸಹೋದ್ಯೋಗಿಯೊಬ್ಬರು ಹೋದ ಜನವರಿಯಲ್ಲಿ ಸ್ಟಾಫ್ ರೂಮಿಗೆ ಒಂದು ನಕ್ಷೆ ಹಿಡಿದುಕೊಂಡು ಬಂದರು. ಕಾರವಾರದಲ್ಲಿ ಐದು ಗುಂಟೆ. ನನ್ನ ಅಕ್ಕ ಅಲ್ಲೇ ಇದ್ದಾಳೆಂದು ಅವರಿಗೆ ಗೊತ್ತು. "ಮೇಡಂ, ದಂಡೆಯಿಂದ ಇನ್ನೂರು ಮೀಟರ್ ಅಂತೆ. ದರ ಮುಂದೆ ಏರಬಹುದೇ? ಅಕ್ಕನವರನ್ನು ಕೇಳಿ ಹೇಳುತ್ತೀರಾ?" ಎಂದರು. ಅಲೆಯ ಸದ್ದು ಕೇಳಿಸುತ್ತದೆಯೇ, ರೈಲು ನಿಲ್ದಾಣ ಎಷ್ಟು ದೂರ, ಒಳ್ಳೆಯ ಆಸ್ಪತ್ರೆ ಇದೆಯೇ ಎಂದೂ ಕೇಳಿದರು. ಎಲ್ಲವೂ ಕೇಳಬೇಕಾದ ಪ್ರಶ್ನೆಗಳೇ. ಆದರೂ ಅಂದು ಮನೆಗೆ ಹೋಗುವ ದಾರಿಯುದ್ದಕ್ಕೂ ಏನೋ ಕೊರೆಯುತ್ತಿತ್ತು. ಆ ಐದು ಗುಂಟೆಯ ಅಕ್ಕಪಕ್ಕದಲ್ಲಿ ಯಾರಿದ್ದಾರೆ ಎಂದು ಅವರು ಕೇಳಲಿಲ್ಲ. ಜೂನ್ ತಿಂಗಳಲ್ಲಿ ಅಲ್ಲಿ ಹೇಗಿರುತ್ತದೆ ಎಂದೂ ಕೇಳಲಿಲ್ಲ.

ಕೋಡಿಬಾಗದ ಒಂದು ಜುಲೈ

ಭಾವನವರಿಗೆ ಕೆಲಸ ಸಿಕ್ಕಿ ಅಕ್ಕ ಕಾರವಾರಕ್ಕೆ ಹೋದದ್ದು ಮದುವೆಯಾದ ಹೊಸತರಲ್ಲಿ. ಅಲ್ಲೇ ಅವಳೂ ಶಾಲೆಯಲ್ಲಿ ಶಿಕ್ಷಕಿಯಾದಳು. ಬಹಳ ವರ್ಷ ಬಾಡಿಗೆಯ ಮನೆಗಳಲ್ಲಿದ್ದು, ಕೊನೆಗೆ ಕೋಡಿಬಾಗದ ಒಂದು ಓಣಿಯಲ್ಲಿ ಮನೆ ಕೊಂಡರು. ಕಾಳಿ ನದಿ ಕಡಲು ಸೇರುವ ಕಡೆ ಅದು. ಚಿರೆಕಲ್ಲಿನ ಪಾಗಾರ, ಅಂಗಳದಲ್ಲಿ ತುಳಸಿಕಟ್ಟೆ, ಹಿತ್ತಲಲ್ಲಿ ಬಾವಿ, ನಾಲ್ಕು ತೆಂಗಿನ ಮರ. ಓಣಿಯ ಒಂದು ತುದಿಯಲ್ಲಿ ಮೀನುಗಾರರ ಮನೆಗಳು, ಇನ್ನೊಂದು ತುದಿಯಲ್ಲಿ ಗೋವಾಕ್ಕೆ ಕೆಲಸಕ್ಕೆ ಹೋಗಿ ಬರುವವರ ಮನೆಗಳು. ಮನೆಯೊಳಗೆ ಕೊಂಕಣಿ, ಬೀದಿಯಲ್ಲಿ ಕೊಂಕಣಿ ಕನ್ನಡ ಎರಡೂ. ಅಕ್ಕ ಅಲ್ಲಿ ಎಲ್ಲರಿಗೂ ಅಕ್ಕೋರು.

ಅವಳ ಮೊಣಕಾಲಿಗೆ ಶಸ್ತ್ರಚಿಕಿತ್ಸೆಯಾದ ವರ್ಷ ನಾನು ಜುಲೈ ತಿಂಗಳಲ್ಲಿ ಹೋಗಿ ಅವಳ ಜೊತೆಗಿದ್ದೆ. ಅದಕ್ಕೂ ಮೊದಲು ಹೋಗಿದ್ದೆಲ್ಲ ಕ್ರಿಸ್‌ಮಸ್ ರಜೆಯಲ್ಲಿ ಅಥವಾ ಮೇ ತಿಂಗಳಲ್ಲಿ. ದಾವಣಗೆರೆಯಲ್ಲಿ ವರ್ಷಕ್ಕೆ ಬೀಳುವ ಮಳೆ 650 ಮಿಲಿಮೀಟರ್‌ನ ಆಸುಪಾಸು. ಕಾರವಾರದಲ್ಲಿ 3,000 ಮಿಲಿಮೀಟರ್ ದಾಟುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ನೊಳಗೆ ಸುರಿದು ಮುಗಿಯುತ್ತದೆ. ಓದಿ ತಿಳಿದಿದ್ದೆ. ಆದರೆ ಒಗೆದ ಸೀರೆ ವಾರವಾದರೂ ಒಣಗದೆ ಮುಗ್ಗಲು ವಾಸನೆ ಹಿಡಿಯುವುದು, ಉಪ್ಪಿನ ಡಬ್ಬಿಯಲ್ಲಿ ನೀರು ನಿಲ್ಲುವುದು, ಬಾಗಿಲು ಉಬ್ಬಿ ಚಿಲಕ ಹಾಕಲಾಗದಿರುವುದು, ಗೋಡೆಯ ಮೇಲೆ ದಿನದಿನಕ್ಕೂ ಹಸಿರು ಏರುವುದು ಇವೆಲ್ಲ ಅಲ್ಲಿದ್ದವರಿಗೆ ಮಾತ್ರ ಗೊತ್ತಾಗುವ ಸಂಗತಿಗಳು. ಮಳೆ ಹಿಡಿಯುವ ಮುಂಚೆಯೇ ಪಡುವಣ ಗೋಡೆಗೆ ಮಡಲಿನ ತಟ್ಟಿ ಕಟ್ಟಬೇಕು, ಹಂಚು ಕೈಯಾಡಿಸಬೇಕು, ಗಟಾರ ಬಿಡಿಸಬೇಕು, ಬಲಿತ ತೆಂಗಿನಕಾಯಿ ಇಳಿಸಬೇಕು. ಅಕ್ಕ ಮಂಚದಲ್ಲಿ ಮಲಗಿಕೊಂಡೇ ಇವನ್ನೆಲ್ಲ ಮಾಡಿಸಿದ್ದಳು.

ಅವಳ ಮನೆಯ ಮೇಲಿನ ಮಗ್ಗುಲಿಗೆ ಬೀಗ ಹಾಕಿದ ಒಂದು ಮನೆ. ಹಿಂದೆ ಅಣ್ಣತಮ್ಮಂದಿರು ಇದ್ದ ತುಂಬಿದ ಮನೆಯಂತೆ. ಪಾಲಾಗಿ, ಮಾರಾಟವಾಗಿ, ದೊಡ್ಡ ಊರಿನವರೊಬ್ಬರ ಕೈಸೇರಿತ್ತು. ಅವರು ಮನೆಗೆ ಚೆಂದದ ಬಣ್ಣ ಹೊಡೆಸಿ, ಕಾರು ಒಳಗೆ ಹೋಗಲೆಂದು ಗೇಟಿನ ಮುಂದಿನ ಗಟಾರದ ಮೇಲೆ ಕಾಂಕ್ರೀಟ್ ಹಾಸಿ, ಅಡಿಯಲ್ಲೊಂದು ಸಣ್ಣ ಪೈಪು ಇಡಿಸಿದ್ದರು. ಮೂರು ದಿನ ಬಿಡದೆ ಸುರಿದ ಮಳೆಯಲ್ಲಿ ಅವರದೇ ತೆಂಗಿನ ಒಣಗಿದ ಗರಿ, ಸಿಪ್ಪೆ, ಕರಟ ಎಲ್ಲ ಬಂದು ಆ ಪೈಪಿಗೆ ಸಿಕ್ಕಿಕೊಂಡಿತು. ಬೆಳಗಿನ ಜಾವ ಎದ್ದು ನೋಡಿದರೆ ಗಟಾರದ ಕೆಂಪು ನೀರು ಪಾಗಾರದ ಒಂದು ಮೂಲೆ ಕೆಡವಿಕೊಂಡು ಅಕ್ಕನ ಹಿತ್ತಲಿಗೆ ನುಗ್ಗಿ, ಬಾವಿಕಟ್ಟೆಯ ಬುಡಕ್ಕೆ ಬಂದಿತ್ತು. ಇನ್ನು ಒಂದು ಗೇಣು ಏರಿದರೆ ಕುಡಿಯುವ ನೀರು ಹೋಯಿತು.

ಆ ಬೀಗದ ಮನೆಯವರಿಗೆ ಫೋನ್ ಮಾಡಿದೆವು. ರಿಂಗಾಯಿತು, ಎತ್ತಲಿಲ್ಲ. ಬೆಳಗಿನ ಐದೂವರೆ ಗಂಟೆಗೆ ಗೊತ್ತಿಲ್ಲದ ನಂಬರಿನ ಕರೆಯನ್ನು ಯಾರು ತಾನೇ ಎತ್ತುತ್ತಾರೆ? ಎದುರುಮನೆಯ ಮೀನುಗಾರ ಮನೆಯಲ್ಲೇ ಇದ್ದರು. ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ದೋಣಿಗಳು ಕಡಲಿಗೆ ಇಳಿಯುವಂತಿಲ್ಲವಲ್ಲ. ಮಗನನ್ನು ಎಬ್ಬಿಸಿಕೊಂಡು ಹಾರೆ, ಗುದ್ದಲಿ ಹಿಡಿದು ಬಂದರು. ಕೋಲು ತೂರಿಸಿ ನೋಡಿದರು, ಪೈಪು ಬಿಚ್ಚಿಕೊಳ್ಳಲಿಲ್ಲ. ಆಮೇಲೆ ನಮ್ಮ ಮೆಟ್ಟಿಲ ಬಳಿ ಬಂದು ನಿಂತು, "ಅಕ್ಕೋರೆ, ಅವರ ಕಾಂಕ್ರೀಟು ಒಡೆಯದೆ ಆಗುವುದಿಲ್ಲ. ಪರರ ಸೊತ್ತು. ನೀವು ಬಂದು ಎದುರಿಗೆ ನಿಲ್ಲಿ" ಎಂದರು. ಅಕ್ಕ ವಾಕರ್ ಹಿಡಿದು ಜಗಲಿಗೆ ಬಂದಳು. ನಾನು ಅವಳಿಗೆ ಕೊಡೆ ಹಿಡಿದೆ. "ಒಡೆಯಿರಿ. ಕೇಳಿದರೆ ನಾನು ಹೇಳಿದೆ ಅನ್ನಿ" ಎಂದಳು. ಎಂಟು ಗಂಟೆಯ ಹೊತ್ತಿಗೆ ನೀರು ಇಳಿಯಿತು. ಆ ಮನುಷ್ಯ ಚಹಾ ಕುಡಿದು, ಮಣ್ಣು ತುಂಬಿದ ಮೂರು ಚೀಲಗಳನ್ನು ಬಿದ್ದ ಪಾಗಾರದ ಜಾಗಕ್ಕೆ ಒಟ್ಟಿ ಹೋದರು.

ಮನೆಯ ಮಾಲೀಕರು ಡಿಸೆಂಬರ್‌ನಲ್ಲಿ ಬಂದರಂತೆ. ಅವರು ಕೆಟ್ಟವರಲ್ಲ ಎಂದು ಅಕ್ಕ ಒತ್ತಿ ಹೇಳುತ್ತಾಳೆ. ಓಣಿಯ ಮಕ್ಕಳಿಗೆಲ್ಲ ಸಿಹಿ ಹಂಚಿದರು, ಪಾಗಾರದ ಖರ್ಚು ಕೊಡುತ್ತೇನೆಂದು ತಾವಾಗಿಯೇ ಹೇಳಿ ಕೊಟ್ಟರು. ಆದರೆ ಒಡೆದ ಜಾಗಕ್ಕೆ ಮತ್ತೆ ಅದೇ ಅಳತೆಯ ಪೈಪು ಇಡಿಸಿ ಕಾಂಕ್ರೀಟ್ ಹಾಕಿಸಿದರು. ಬೇಡವೆಂದು ಅಕ್ಕ ಹೇಳಿದರೂ ಅವರ ಮನಸ್ಸಿಗೆ ಅದು ಹತ್ತಲಿಲ್ಲ. ಹೇಗೆ ಹತ್ತಬೇಕು? ಡಿಸೆಂಬರ್ ತಿಂಗಳಿನ ಕಾರವಾರದಲ್ಲಿ ಗಟಾರ ಒಣಗಿರುತ್ತದೆ, ಆಕಾಶ ತೊಳೆದಿಟ್ಟಂತಿರುತ್ತದೆ, ಸಂಜೆ ಟ್ಯಾಗೋರ್ ಕಡಲತೀರದಲ್ಲಿ ಜನ ಗಾಳಿಗೆ ಕೂತಿರುತ್ತಾರೆ. ಅವರು ಕೊಂಡದ್ದು ಆ ಊರನ್ನು. ಅಕ್ಕ ಇರುವ ಊರು ಬೇರೆ.

ಕಾಗದ, ಉಪ್ಪು, ದಾರಿ

ಕಾಗದಪತ್ರದ ವಿಷಯವನ್ನೂ ಹೇಳಬೇಕು, ಏಕೆಂದರೆ "ದಂಡೆಯಿಂದ ಇನ್ನೂರು ಮೀಟರ್" ಎನ್ನುವುದನ್ನು ದಲ್ಲಾಳಿ ಹೆಚ್ಚುಗಾರಿಕೆಯೆಂದು ಹೇಳಿದ್ದ. ಕರಾವಳಿ ನಿಯಂತ್ರಣ ವಲಯದ ಕಾನೂನು ಮೊದಲು ಬಂದದ್ದು 1991ರಲ್ಲಿ. 2011ರಲ್ಲಿ ಹೊಸ ಅಧಿಸೂಚನೆ, 2019ರಲ್ಲಿ ಮತ್ತೊಂದು. ಭರತದ ನೀರು ತಲುಪುವ ಗೆರೆಯಿಂದ 500 ಮೀಟರ್ ಒಳಗಿನ ನೆಲವೆಲ್ಲ ಇದರ ಲೆಕ್ಕಕ್ಕೆ ಬರುತ್ತದೆ. ಉಬ್ಬರ ಇಳಿತ ಇರುವಷ್ಟು ದೂರದ ನದಿದಂಡೆಗೂ ನಿಯಮವಿದೆ, ಆದ್ದರಿಂದ ಕಾಳಿಯ ದಂಡೆಯೂ ಬಿಡುವುದಿಲ್ಲ. ನಗರದೊಳಗಾದರೆ ಈಗಾಗಲೇ ಇರುವ ಅಧಿಕೃತ ರಸ್ತೆ ಅಥವಾ ಕಟ್ಟಡದ ಸಾಲಿನಿಂದ ಒಳಬದಿಗೆ ಮಾತ್ರ ಕಟ್ಟಬಹುದು. ಹಳ್ಳಿಗಳಲ್ಲಿ ಮೊದಲಿನಿಂದ ಇದ್ದ 200 ಮೀಟರ್ ನಿಷೇಧವನ್ನು 2019ರ ಅಧಿಸೂಚನೆ ಜನದಟ್ಟಣೆ ಹೆಚ್ಚಿರುವ ಕಡೆ 50 ಮೀಟರ್‌ಗೆ ಇಳಿಸಿದೆ. ತನ್ನ ತುಂಡು ಇದರಲ್ಲಿ ಎಲ್ಲಿ ಬೀಳುತ್ತದೆ ಎನ್ನುವುದನ್ನು ಕೊಳ್ಳುವವನು ಕರಾವಳಿ ವಲಯದ ನಕ್ಷೆಯಲ್ಲಿ ಸರ್ವೆ ನಂಬರ್ ಹುಡುಕಿ ನೋಡಬೇಕು, ದಲ್ಲಾಳಿಯ ಬಾಯಲ್ಲಿ ಕೇಳಿ ನಂಬಬಾರದು.

ಇನ್ನು ಪಹಣಿ. ಭಾವನವರು ಕೊಂಡ ಮನೆಯ ಪಹಣಿಯಲ್ಲಿ ಅಜ್ಜನ ಕಾಲದಿಂದ ಸೇರುತ್ತಾ ಬಂದ ಹೆಸರುಗಳ ಸಾಲೇ ಇತ್ತು. ಕೆಲವರು ಮುಂಬೈಯಲ್ಲಿ, ಕೆಲವರು ಗೋವಾದಲ್ಲಿ, ಒಬ್ಬರು ಗಲ್ಫ್‌ನಲ್ಲಿ. ಎಲ್ಲರ ಸಹಿ ಕೂಡಿಬರಲು ವರ್ಷಗಳು ಹಿಡಿದವು. ನೆಲ ಬಿನ್‌ಶೇತ್ಕಿ, ಅಂದರೆ ಕೃಷಿಯೇತರ, ಆಗಿದೆಯೇ, ಅಂಚಿನಲ್ಲಿ ಅರಣ್ಯ ಇಲಾಖೆಯ ಗೆರೆ ತಾಗಿದೆಯೇ ಎಂದು ನೋಡುವುದು ಬೇರೆ. ಇದನ್ನೆಲ್ಲ ಒಳ್ಳೆಯ ವಕೀಲರೊಬ್ಬರು ನೋಡಿಕೊಡಬಲ್ಲರು, ಹೆಚ್ಚು ಬರೆಯುವುದಿಲ್ಲ.

ಉಪ್ಪಿನದು ವಕೀಲರ ಕೈಗೆ ಬರುವ ವಿಷಯವಲ್ಲ. ಗಾಳಿಯಲ್ಲೇ ಇರುವ ಉಪ್ಪು ಕಾಂಕ್ರೀಟಿನೊಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ತುಕ್ಕು ಹಿಡಿದ ಕಬ್ಬಿಣ ಉಬ್ಬಿ ಮೇಲಿನ ಗಾರೆಯನ್ನು ಒಡೆದು ಹೊರಹಾಕುತ್ತದೆ. ನಮ್ಮೂರಿನ ಮಾದರಿಯಲ್ಲಿ ಮಟ್ಟಸ ತಾರಸಿ ಹಾಕಿ ಕಟ್ಟಿದ ಮನೆಗಳ ಮೇಲೆ ಅಲ್ಲಿ ಕೆಲವೇ ವರ್ಷಗಳಲ್ಲಿ ತಗಡಿನ ಮಾಡು ಏಳುತ್ತದೆ. ಹಿರಿಯರು ಚಿರೆಕಲ್ಲು, ಕಡಿದಾದ ಹಂಚಿನ ಮಾಡು, ಉದ್ದನೆಯ ಇಳಿಸೂರು ಇಟ್ಟುಕೊಂಡದ್ದು ಆ ಮಳೆಗೆ ತಕ್ಕ ಬುದ್ಧಿವಂತಿಕೆಯಿಂದ. ದಂಡೆಗೆ ಹತ್ತಿರದ ಬಾವಿಗಳು ಬೇಸಿಗೆಯ ಕೊನೆಗೆ ಸವುಳಾಗುತ್ತವೆ. ಕಣ್ಣೆದುರಿಗೆ ಸಮುದ್ರ, ಕುಡಿಯಲು ಟ್ಯಾಂಕರ್ ಎನ್ನುವ ಸ್ಥಿತಿ ಅಲ್ಲಿಯೂ ಇದೆ.

ದಾರಿಯ ಮಾತು 2024ರಿಂದೀಚೆಗೆ ನಮ್ಮ ಮನೆಯಲ್ಲಿ ಬೇರೆ ದನಿಯಲ್ಲೇ ಬರುತ್ತದೆ. ಆ ವರ್ಷ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲಿದ್ದ ಜನರನ್ನೂ ವಾಹನಗಳನ್ನೂ ಗಂಗಾವಳಿ ನದಿಗೆ ತಳ್ಳಿತು. ಆಗಸ್ಟ್ 7ರ ನಡುರಾತ್ರಿ ಕಾಳಿ ನದಿಯ ಹಳೆಯ ಸೇತುವೆ ಮುರಿದುಬಿತ್ತು, ಅದರ ಮೇಲಿದ್ದ ಲಾರಿ ನೀರಿಗೆ ಬಿತ್ತು, ಚಾಲಕನನ್ನು ಮೀನುಗಾರರು ಮತ್ತು ಪೊಲೀಸರು ಸೇರಿ ಉಳಿಸಿದರು. ಅದಾದ ಎರಡೇ ದಿನಕ್ಕೆ ನಾಗರ ಪಂಚಮಿ. ಪಂಚಮಿಗೆ ತವರಿಗೆ ಬರುವುದು ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಹಕ್ಕಿನ ವಿಷಯ. ಅಮ್ಮ ತಂಬಿಟ್ಟು ಕಟ್ಟಿಟ್ಟು ಕಾದಳು. ಅಕ್ಕ ಬರಲಿಲ್ಲ. ಘಟ್ಟದಲ್ಲಿ ಎಲ್ಲಿ ಮಣ್ಣು ಜಾರುತ್ತದೋ ಎಂಬ ಭಯ ಒಂದು. ಇನ್ನೊಂದು, ಅಂಥ ಮಳೆಯಲ್ಲಿ ಓಣಿಯಲ್ಲಿ ಇರುವವರೇ ಕಡಿಮೆ, ನಾನೂ ಬಿಟ್ಟು ಬಂದರೆ ಹೇಗೆ ಎಂದಳು. ಆ ಎರಡನೆಯ ಮಾತಿಗೆ ಅಮ್ಮ ಸುಮ್ಮನಾದಳು. ನನಗೆ ಮಾತ್ರ ಸಿಟ್ಟು ಬಂತು. ಬೀಗ ಹಾಕಿ ಹೋದವರ ಪಾಲಿನ ಕಾವಲನ್ನೂ ಇವಳೇಕೆ ಹೊರಬೇಕು?

ಜಾಗವೇ ಇಲ್ಲದ ಊರು

ಕಾರವಾರದ ನಕ್ಷೆ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಪಡುವಣಕ್ಕೆ ಕಡಲು, ಮೂಡಣಕ್ಕೆ ಕಾಡಿನ ಬೆಟ್ಟ, ಬಡಗಣಕ್ಕೆ ಕಾಳಿ, ತೆಂಕಣಕ್ಕೆ ನೌಕಾನೆಲೆ. ಆ ನೌಕಾನೆಲೆಯ ಸೀಬರ್ಡ್ ಯೋಜನೆಗಾಗಿ ಅರ್ಗಾ ಸುತ್ತಮುತ್ತಲಿನ ಹಲವು ಊರುಗಳ ಜನ ಮನೆಮಠ, ಗದ್ದೆ, ದೋಣಿ ಎಳೆಯುವ ದಂಡೆ ಎಲ್ಲವನ್ನೂ ಬಿಟ್ಟು ಬಂದರು. ಕದಂಬ ನೌಕಾನೆಲೆ 2005ರಲ್ಲಿ ಶುರುವಾಯಿತು. 2020ರ ಜನವರಿಯಲ್ಲಿ ಬಂದರು ವಿಸ್ತರಣೆ ಬೇಡವೆಂದು ಮೀನುಗಾರರು ಬೀದಿಗಿಳಿದಾಗಲೂ ಅವರು ಕೇಳಿದ್ದು ಉಳಿದಿರುವ ದಂಡೆಯನ್ನಾದರೂ ಬಿಡಿ ಎಂದು. ಇಷ್ಟು ಇಕ್ಕಟ್ಟಿನ ಪಟ್ಟಿಯಲ್ಲಿ ಒಂದು ಮನೆಗೆ ವರ್ಷದ ಹನ್ನೊಂದು ತಿಂಗಳು ಬೀಗ ಬಿದ್ದರೆ, ಅಲ್ಲೇ ಹುಟ್ಟಿ ಬೆಳೆದ ಒಂದು ಕುಟುಂಬ ಅಷ್ಟು ದೂರ ಹೋಗಿ ಮನೆ ಹುಡುಕಬೇಕಾಗುತ್ತದೆ. ಅಕ್ಕನ ಎದುರುಮನೆಯ ಆ ಮೀನುಗಾರರ ಮಗನಿಗೆ ಮದುವೆಯಾಗಿದೆ. ಅವನಿಗೆ ಅದೇ ಓಣಿಯಲ್ಲಿ ಬಾಡಿಗೆಗೂ ಮನೆ ಸಿಗಲಿಲ್ಲ. ಮುಚ್ಚಿದ ಮನೆಗಳು ಇವೆ, ಮಾಲೀಕರು ಕೊಡುವುದಿಲ್ಲ, ರಜೆಗೆ ತಾವು ಬಂದಾಗ ಬೇಕಲ್ಲ.

ಇದೇ ಓಣಿಯಲ್ಲಿ ಹೊಸದಾಗಿ ಮನೆ ಕೊಂಡ ಇನ್ನೊಬ್ಬರು, ಅಂಗಳದಲ್ಲಿ ಒಣಮೀನು ಹರಡಬೇಡಿ, ವಾಸನೆ ಬರುತ್ತದೆ ಎಂದು ಹೇಳಿಕಳಿಸಿದರಂತೆ. ನಾನು ಮೀನು ತಿನ್ನದ ಮನೆಯಲ್ಲಿ ಬೆಳೆದವಳು. ಆ ವಾಸನೆ ನನಗೂ ಮೊದಲು ಹೊಟ್ಟೆ ತೊಳಸುತ್ತಿತ್ತು. ಆದರೆ ಎರಡು ತಿಂಗಳು ಕಡಲಿಗಿಳಿಯದೆ ಕೂರಬೇಕಾದ ಮನೆಗೆ ಆ ಒಣಮೀನೇ ಕಣಜ. ನೂರಾರು ವರ್ಷಗಳಿಂದ ಅಲ್ಲಿ ನಡೆದುಬಂದ ಬದುಕಿನ ಪಕ್ಕದಲ್ಲಿ ಜಾಗ ಕೊಂಡು, ಆ ಬದುಕು ಮಾತ್ರ ಕಣ್ಣಿಗೂ ಮೂಗಿಗೂ ಬೀಳಬಾರದು ಎನ್ನುವುದು ಅನ್ಯಾಯ. ಇದನ್ನು ಇನ್ನೂ ಮೆತ್ತಗೆ ಹೇಳಲು ನನಗೆ ಬರುವುದಿಲ್ಲ.

ನಮ್ಮ ಬಡಾವಣೆಗಳ ಖಾಲಿ ಸಾಲು

ಇಷ್ಟೆಲ್ಲ ಕರಾವಳಿಗೆ ಹೋಗಿ ನೋಡಬೇಕಾಗಿಯೇ ಇಲ್ಲ. ಹೋದ ಬೇಸಿಗೆಯಲ್ಲಿ ನಾವೂ, ನಾನು ಮತ್ತು ನನ್ನ ಯಜಮಾನರು, ಶಾಮನೂರಿನ ಆಚೆ ಒಂದು ನಿವೇಶನ ನೋಡಲು ಹೋಗಿದ್ದೆವು. ಮೂವತ್ತು ನಲವತ್ತರ ಅಳತೆ, ಪೂರ್ವ ದಿಕ್ಕು, ನಗರಾಭಿವೃದ್ಧಿ ಪ್ರಾಧಿಕಾರದ (ದೂಡಾ) ಅನುಮೋದನೆ ಇದೆ, ಇ-ಖಾತೆ ಆಗಿದೆ. ಎರೆ ನೆಲ. ಬಿಸಿಲಿಗೆ ಬಾಯಿಬಿಟ್ಟು ಕೈ ಇಳಿಯುವಷ್ಟು ಬಿರುಕು ಬಿದ್ದಿತ್ತು. ಮಳೆ ಬಂದರೆ ಇದೇ ಮಣ್ಣು ಉಬ್ಬುತ್ತದೆ, ಪಾಯದ ಅಡಿಯಲ್ಲಿ ಗಟ್ಟಿ ಪದರ ಸಿಗುವತನಕ ಅಗೆಯದಿದ್ದರೆ ಗೋಡೆ ಸೀಳುತ್ತದೆ. ಆ ಸಾಲಿನಲ್ಲಿ ಉದ್ದಕ್ಕೂ ಗಡಿಕಲ್ಲುಗಳು, ನಡುವೆ ಆಳೆತ್ತರದ ಬಳ್ಳಾರಿ ಜಾಲಿ, ಪಾರ್ಥೇನಿಯಂ, ಯಾರೋ ತಂದು ಸುರಿದ ಕಟ್ಟಡದ ಕಸ. ಇಡೀ ಸಾಲಿಗೆ ಒಂದೇ ಮನೆ.

ಆ ಮನೆಯ ಜಗಲಿಯಲ್ಲಿ ವಯಸ್ಸಾದವರೊಬ್ಬರು ಕುಳಿತಿದ್ದರು. ದಲ್ಲಾಳಿ ನಮಗೆ ಅಳತೆ ತೋರಿಸುತ್ತಿರುವಾಗ ಎದ್ದು ಬಂದು, ನೀರು ಬೇಕೇ ಎಂದು ಕೇಳಿ, ತಂಬಿಗೆಯಲ್ಲಿ ತಂದುಕೊಟ್ಟರು. ಆಮೇಲೆ ನನ್ನನ್ನು ನೋಡಿ, "ಕಟ್ಟುತ್ತೀರೋ ತಂಗಿ, ಹಾಗೇ ಬಿಡುತ್ತೀರೋ?" ಎಂದರು. ದಲ್ಲಾಳಿ ನಡುವೆ ಬಾಯಿ ಹಾಕಿ, "ಯಜಮಾನರೇ, ಕೊಂಡಿಟ್ಟರೆ ಬಂಗಾರ ಇದು" ಎಂದ. ಅವರು ಅವನ ಕಡೆ ತಿರುಗಲೂ ಇಲ್ಲ. ತಾವು ಬಂದು ವರ್ಷಗಳಾದವೆಂದೂ, ಈ ಸಾಲಿನ ಎಲ್ಲ ನಿವೇಶನಗಳೂ ಮಾರಾಟವಾಗಿವೆ, ಕೆಲವು ಎರಡು ಮೂರು ಕೈ ದಾಟಿವೆ ಎಂದೂ ಹೇಳಿದರು. ಮನೆ ಒಂದೇ ಎಂದು ಕಸದ ಗಾಡಿ ಒಳಗೆ ಬರುವುದಿಲ್ಲ. ಮನೆ ಒಂದೇ ಎಂದು ಬೀದಿದೀಪ ಕೆಟ್ಟರೆ ಕೇಳುವವರಿಲ್ಲ. ಸಂಜೆಯಾದ ಮೇಲೆ ಹಾವಿನ ಭಯಕ್ಕೆ ಮೊಮ್ಮಕ್ಕಳನ್ನು ಹೊರಗೆ ಬಿಡುವುದಿಲ್ಲ. ಹೆಂಡತಿ ತೀರಿಕೊಂಡ ರಾತ್ರಿ ಹೆಗಲು ಕೊಡುವವರನ್ನು ಹಳೆಯ ಓಣಿಯಿಂದ ಕರೆಸಿಕೊಳ್ಳಬೇಕಾಯಿತು ಎಂದು ಹೇಳಿ ಸ್ವಲ್ಪ ಹೊತ್ತು ನಿಂತು, ಖಾಲಿ ತಂಬಿಗೆ ತೆಗೆದುಕೊಂಡು ಒಳಗೆ ಹೋದರು.

ನಿವೇಶನ ಕೊಂಡಿಡುವವರನ್ನು ನಾನು ದೂರುವುದಿಲ್ಲ. ನಮ್ಮಂಥ ಊರಿನ ಮಧ್ಯಮ ವರ್ಗಕ್ಕೆ ಅದೇ ವಿಮೆ, ಅದೇ ಪಿಂಚಣಿ. ಗಿರಣಿಗಳು ಮುಚ್ಚಿದ ಕಾಲದಲ್ಲಿ ಎಷ್ಟು ಮನೆಗಳು ಒಂದು ತುಂಡು ಜಾಗ ಮಾರಿ ಮಕ್ಕಳ ಓದು ಮುಗಿಸಿಕೊಂಡವು ಎಂದು ನಮ್ಮ ಓಣಿಯಲ್ಲೇ ನೋಡಿದ್ದೇನೆ. ಅಪ್ಪನೂ ಹಾಗೆಯೇ ಮಾಡಿದವರು. ಅದೇ ಹಣದಲ್ಲಿ ನನ್ನ ಎಂ.ಎ. ಆಯಿತು. ಆದರೆ ಕೊಂಡಿಡುವುದಕ್ಕೂ ಒಂದು ಹೊಣೆ ಇದೆ. ಜಾಲಿ ಕಡಿಸುವುದು, ನೀರು ಹರಿಯುವ ದಾರಿ ಮುಚ್ಚದಿರುವುದು, ಪಕ್ಕದ ಮನೆಯವರಿಗೆ ಫೋನ್ ನಂಬರ್ ಕೊಟ್ಟು ಅವರ ಕರೆ ಬಂದಾಗ ಎತ್ತುವುದು, ಕಟ್ಟಿದ ಮನೆಯಾದರೆ ಖಾಲಿ ಇಡದೆ ಯಾರಿಗಾದರೂ ವಾಸಕ್ಕೆ ಕೊಡುವುದು. ಕಡಲ ಊರಾದರೆ ಈ ಹೊಣೆ ಇಮ್ಮಡಿ, ಏಕೆಂದರೆ ಅಲ್ಲಿ ಮನೆಯನ್ನು ಮಳೆಗಾಲದಲ್ಲಿ ದಿನವೂ ಯಾರಾದರೂ ಕಾಯಲೇಬೇಕು. ನೀವು ಕಾಯದಿದ್ದರೆ ಪಕ್ಕದವರು ಕಾಯುತ್ತಾರೆ.

ನಾವು ಆ ನಿವೇಶನ ಕೊಳ್ಳಲಿಲ್ಲ. ಮಗಳ ಓದು ಮುಗಿಯುವತನಕ ಕಟ್ಟುವ ಶಕ್ತಿ ನಮಗಿಲ್ಲ, ಅದು ಇಬ್ಬರಿಗೂ ಗೊತ್ತಿತ್ತು. ವಿನೋಬನಗರದಲ್ಲಿ ಹಳೆಯದೊಂದು ಸಣ್ಣ ಮನೆ ಮಾರಾಟಕ್ಕಿದೆ. ಜಾಗ ಕಡಿಮೆ, ಕಾರು ನಿಲ್ಲಿಸಲು ಆಗುವುದಿಲ್ಲ, ಎರಡೂ ಕಡೆ ಗೋಡೆಗೆ ಗೋಡೆ. ಎಡಕ್ಕೆ ಟೈಲರ್ ಒಬ್ಬರ ಕುಟುಂಬ, ಬಲಕ್ಕೆ ನಿವೃತ್ತ ನರ್ಸ್. ಅದರ ಮಾತು ನಡೆಯುತ್ತಿದೆ.

ಸಹೋದ್ಯೋಗಿಗೆ ನಾನು ಹೇಳಿದ್ದು ಇಷ್ಟು. ಕಾರವಾರದಲ್ಲಿ ಈಗಲೇ ಏನನ್ನೂ ಕೊಳ್ಳಬೇಡಿ. ನಿವೃತ್ತರಾದ ವರ್ಷದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಒಂದು ಮನೆ ಬಾಡಿಗೆಗೆ ಹಿಡಿದು ಇಬ್ಬರೂ ಹೋಗಿ ಇರಿ. ಮಳೆ, ಕರೆಂಟು ಹೋಗುವ ರಾತ್ರಿಗಳು, ಒಣಗದ ಬಟ್ಟೆ, ಪಕ್ಕದ ಮನೆಯ ಒಣಮೀನು, ನೆರೆಯವರ ಮದುವೆ ಮುಂಜಿ ಸಾವು ಎಲ್ಲವನ್ನೂ ನೋಡಿ. ಅದಾದ ಮೇಲೂ ಅಲ್ಲಿಯೇ ಇರಬೇಕೆನ್ನಿಸಿದರೆ ಮನೆ ತಾನಾಗಿಯೇ ಸಿಗುತ್ತದೆ, ಏಕೆಂದರೆ ಅಷ್ಟು ಹೊತ್ತಿಗೆ ನಿಮ್ಮನ್ನು ಬಲ್ಲವರು ಇರುತ್ತಾರೆ. ಅವರಿಗೆ ನನ್ನ ಮಾತು ಅಷ್ಟಾಗಿ ಹಿಡಿಸಲಿಲ್ಲ. ಅಷ್ಟರೊಳಗೆ ದರ ಏರಿಬಿಟ್ಟರೆ ಎಂದರು. ಏರಬಹುದು, ಇಲ್ಲವೆನ್ನಲಾರೆ ಎಂದೆ. ಆದರೆ ವಾರ ಕಳೆದ ಮೇಲೆ ಅವರ ಮನೆಯವರೇ ನನಗೆ ಫೋನ್ ಮಾಡಿದರು. ನಂದನಗದ್ದಾದಲ್ಲಿ ಅಕ್ಕನಿಗೆ ಗೊತ್ತಿರುವವರ ಮನೆಯ ಮಹಡಿ ಖಾಲಿಯಾಗುತ್ತದೆ ಎಂದು ಹೇಳಿದ್ದೆ. ಕೆಳಗಿನ ಮನೆಯವರು ವರ್ಷಪೂರ್ತಿ ಅಲ್ಲೇ ಇರುತ್ತಾರೆಯೇ ಎಂದು ಆಕೆ ಕೇಳಿದರು. ಇರುತ್ತಾರೆ ಎಂದೆ, ಅಕ್ಕನ ನಂಬರ್ ಕೊಟ್ಟೆ. ಮುಂಗಡ, ಬಾಡಿಗೆಯ ಮಾತನ್ನು ಅವರಿಬ್ಬರೇ ನೇರವಾಗಿ ಆಡಿಕೊಳ್ಳುತ್ತಿದ್ದಾರೆ.